ದವಡೆಯ ಎಲುಬು ಒಂದೇ ಎಂದ ಬಗ್ದಾದಿನ ವಿದ್ವಾಂಸರು

ಪೂರ್ವಿಕರ ಗ್ರಂಥವನ್ನು ಗೌರವಿಸುವುದೂ ಕಣ್ಣಾರೆ ಕಂಡುದನ್ನು ಒಪ್ಪುವುದೂ ಪರಸ್ಪರ ವಿರುದ್ಧವೇ? ಎಂಟು ಶತಮಾನಗಳ ಹಿಂದೆ ಅಬ್ದುಲ್ಲತೀಫ್ ಅಲ್-ಬಗ್ದಾದಿಯವರಿಗೆ ಈ ಪ್ರಶ್ನೆ ಎದುರಾಯಿತು. 1162ರಲ್ಲಿ ಬಗ್ದಾದಿನಲ್ಲಿ ಜನಿಸಿದ ಅವರು ವ್ಯಾಕರಣ, ಹದೀಸ್ ಮತ್ತು ಫಿಕ್ಹ್‌ಗಳನ್ನು ಅಭ್ಯಸಿಸಿ, ವೈದ್ಯಶಾಸ್ತ್ರದಲ್ಲಿಯೂ ಪರಿಣತಿ ಪಡೆದು, ಕೈರೋದ ಅಲ್-ಅಝ್ಹರ್‌ನಲ್ಲಿ ಬೋಧಿಸುತ್ತಿದ್ದರು.

ಅರಬರು ಜಾಲೀನೂಸ್ ಎಂದು ಕರೆಯುತ್ತಿದ್ದ ಗ್ರೀಕ್ ವೈದ್ಯ ಗ್ಯಾಲೆನ್‌ನ ಮಾತೇ ಅಂದು ಶರೀರರಚನೆಯ ವಿಷಯದಲ್ಲಿ ಅಂತಿಮವಾಗಿತ್ತು. ಮನುಷ್ಯನ ಕೆಳದವಡೆಯು ಗದ್ದದಲ್ಲಿ ಕೂಡಿಕೊಂಡ ಎರಡು ಎಲುಬುಗಳಿಂದಾಗಿದೆ ಎಂದು ಆತ ಬರೆದಿದ್ದನು.

ಹಿಜರಿ 597ರಲ್ಲಿ ನೈಲ್ ನದಿ ಉಕ್ಕಲಿಲ್ಲ. ಈಜಿಪ್ಟನ್ನು ಘೋರ ಕ್ಷಾಮ ಆವರಿಸಿತು. ಕೈರೋ ಸಮೀಪದ ಅಲ್-ಮಕ್ಸ್ ಎಂಬಲ್ಲಿ ಸತ್ತವರ ಅಸ್ಥಿಗಳು ರಾಶಿಬಿದ್ದಿದ್ದವು. ಅಲ್-ಬಗ್ದಾದಿಯವರು ಅಲ್ಲಿಗೆ ಹೋಗಿ ತಲೆಬುರುಡೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಇತರರಿಂದಲೂ ಪರೀಕ್ಷೆ ಮಾಡಿಸಿದರು. ಎರಡು ಸಾವಿರಕ್ಕೂ ಮಿಕ್ಕಿದ ಬುರುಡೆಗಳಲ್ಲಿ ಕೆಳದವಡೆ ಒಂದೇ ಎಲುಬಾಗಿತ್ತು. ನಡುವೆ ಸಂಧಿ ಕಾಣಲಿಲ್ಲ. ಜಾಲೀನೂಸ್‌ನ ಪಾಂಡಿತ್ಯವನ್ನು ಮನಸಾರೆ ಗೌರವಿಸುತ್ತಲೇ, ಇಂದ್ರಿಯಗಳ ಸಾಕ್ಷ್ಯವು ಅವನ ಮಾತಿಗಿಂತ ಹೆಚ್ಚು ನಂಬತಕ್ಕದ್ದೆಂದು ಅವರು ದಾಖಲಿಸಿದರು. ಯೂರೋಪಿನಲ್ಲಿ ವೆಸಾಲಿಯಸ್‌ನ ಶರೀರರಚನಾ ಗ್ರಂಥ ಪ್ರಕಟವಾದುದು 1543ರಲ್ಲಿ.

ಗ್ಯಾಲೆನ್ ಹೆಚ್ಚಾಗಿ ಪ್ರಾಣಿಗಳನ್ನು ಛೇದಿಸಿ ಕಲಿತವನು. ನಾಯಿ, ಕುರಿಗಳಲ್ಲಿ ದವಡೆಯ ಎರಡು ಭಾಗಗಳು ಪೂರ್ಣವಾಗಿ ಬೆಸೆದುಕೊಳ್ಳುವುದಿಲ್ಲ. ಮಾನವ ಶಿಶುವಿನಲ್ಲಿಯೂ ಹುಟ್ಟುವಾಗ ಅವು ಎರಡೇ. ಒಂದು ವರ್ಷದೊಳಗೆ ಒಂದಾಗುತ್ತವೆ. ಹಣೆಯ ಎಲುಬೂ ಹಾಗೆಯೇ ಎರಡು ಭಾಗಗಳಾಗಿದ್ದು ಎಳವೆಯಲ್ಲಿ ಬೆಸೆಯುತ್ತದೆ. ಆದರೆ ಕೆಲವರಲ್ಲಿ ಆ ಸಂಧಿರೇಖೆ ಜೀವನಪರ್ಯಂತ ಉಳಿಯುತ್ತದೆ. ಅದು ರೋಗವಲ್ಲ. ಆದರೂ ತಲೆಗೆ ಪೆಟ್ಟಾಗಿ ಬಂದವರ ಎಕ್ಸ್‌ರೇಯಲ್ಲಿ ಅದನ್ನು ಬಿರುಕೆಂದು ತಪ್ಪಾಗಿ ಓದುವ ಅಪಾಯವುಂಟು. ಆದುದರಿಂದಲೇ ವೈದ್ಯರು ಈ ಭೇದಗಳನ್ನು ಅರಿತಿರಬೇಕಾಗುತ್ತದೆ.

ಅಲ್-ಬಗ್ದಾದಿಯವರ ಹಿರಿಮೆ ದವಡೆಯ ತೀರ್ಮಾನದಲ್ಲಷ್ಟೇ ಇಲ್ಲ. ಬೆನ್ನೆಲುಬಿನ ಬುಡದ ತ್ರಿಕಾಸ್ಥಿಯನ್ನು ಪರೀಕ್ಷಿಸಿದಾಗ ಕೆಲವರಲ್ಲಿ ಅದು ಒಂದೇ ಎಲುಬಾಗಿಯೂ ಕೆಲವರಲ್ಲಿ ಸಂಧಿಗಳುಳ್ಳದ್ದಾಗಿಯೂ ಕಂಡಿತು. ದವಡೆಯ ವಿಷಯದಲ್ಲಿ ದೃಢವಾಗಿ ನುಡಿದ ಅವರೇ ಇಲ್ಲಿ ಅಷ್ಟು ಖಚಿತವಾಗಿ ಹೇಳಲಾರೆನೆಂದರು. ಎಲ್ಲರಲ್ಲೂ ಒಂದೇ ಆಗಿರುವುದಾವುದು, ಒಬ್ಬರಿಂದೊಬ್ಬರಿಗೆ ಬದಲಾಗುವುದಾವುದು ಎಂಬುದು ಅನೇಕರನ್ನು ನೋಡಿದವನಿಗೆ ಮಾತ್ರ ತಿಳಿಯುತ್ತದೆ.

ನಮ್ಮ ಮಕ್ಕಳು ಪಾಠವನ್ನು ಕಂಠಪಾಠ ಮಾಡಲಿ, ಗುರುಗಳನ್ನು ಗೌರವಿಸಲಿ. ಅದರ ಜೊತೆಗೆ ನೋಡುವುದನ್ನೂ, ನೋಡಿದಷ್ಟನ್ನೇ ಹೇಳುವುದನ್ನೂ ಕಲಿಯಲಿ.