ಶ್ಟೆಫಾನ್ ಕೊವಾಚ್ (1920–1995)

ರೊಮೇನಿಯದ ತಿಮಿಶೋವಾರದಲ್ಲಿ ಹುಟ್ಟಿದ ಹಂಗೇರಿಯನ್ ಮೂಲದ ಫುಟ್‌ಬಾಲ್ ಆಟಗಾರ. ಅಣ್ಣ ನಿಕೊಲಾಯ್ ಮೂರು ವಿಶ್ವಕಪ್‌ಗಳಲ್ಲಿ ಆಡಿದವರು. ಶ್ಟೆಫಾನ್ ಹೆಸರು ಬೆಳಗಿದ್ದು ತರಬೇತುದಾರರಾದ ಮೇಲೆ.

ಬುಕಾರೆಸ್ಟ್‌ನ ಸ್ಟೆಯಾವಾ ಕ್ಲಬ್‌ಗೆ 1968ರಲ್ಲಿ ಲೀಗ್ ಪ್ರಶಸ್ತಿ ತಂದುಕೊಟ್ಟ ಕೊವಾಚ್, 1971ರಲ್ಲಿ ಆಮ್‌ಸ್ಟರ್‌ಡಾಮ್‌ನ ಅಯಾಕ್ಸ್ ಸೇರಿದರು. ಅಲ್ಲಿ ಹಿಂದಿನ ತರಬೇತುದಾರ, ಶಿಸ್ತಿನ ರೀನಸ್ ಮಿಖೆಲ್ಸ್, ಆಟಗಾರರು ಪರಸ್ಪರ ಜಾಗ ಬದಲಿಸಿಕೊಂಡು ಆಡುವ 'ಟೋಟಲ್ ಫುಟ್‌ಬಾಲ್' ಶೈಲಿಯನ್ನು ಕಟ್ಟಿ ಹೋಗಿದ್ದರು. ಕೊವಾಚ್ ಅದನ್ನು ಕೆಡವಲಿಲ್ಲ, ಬಿಗಿ ಸಡಿಲಿಸಿದರು. ಯೋಹಾನ್ ಕ್ರೈಫ್ ಮತ್ತು ಸಂಗಡಿಗರು ಮೈದಾನದಲ್ಲಿ ಇನ್ನಷ್ಟು ಸ್ವತಂತ್ರವಾಗಿ ಜಾಗ ಬದಲಿಸಿಕೊಂಡು ಆಡಿದರು. 1972ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಇಂಟರ್ ಮಿಲಾನ್ ವಿರುದ್ಧ 2–0 ಗೆಲುವು, ಎರಡೂ ಗೋಲು ಕ್ರೈಫ್ ಅವರವು. ಮರುವರ್ಷ ಬೆಲ್‌ಗ್ರೇಡ್‌ನಲ್ಲಿ ಯುವೆಂಟಸ್ ವಿರುದ್ಧ 1–0. ಸಿದ್ಧ ತಂಡ ಸಿಕ್ಕಿತು ಎಂದು ಹಲವರು ಇದನ್ನು ಹಗುರಾಗಿ ಕಾಣುತ್ತಾರೆ. ಅದು ನ್ಯಾಯವಲ್ಲ: ಅಂಥ ಪ್ರತಿಭಾವಂತರನ್ನು ಹಿಡಿದಿಡದೆ, ಚೆದುರಲೂ ಬಿಡದೆ ಎರಡು ವರ್ಷ ನಡೆಸಿದ್ದು ದೊಡ್ಡ ಕೌಶಲ.

1973ರಿಂದ 1975ರವರೆಗೆ ಫ್ರಾನ್ಸ್ ರಾಷ್ಟ್ರೀಯ ತಂಡದ ಹೊಣೆ ಹೊತ್ತರು. ಯೂರೋ 1976ಕ್ಕೆ ಅರ್ಹತೆ ದಕ್ಕಲಿಲ್ಲ. ಆದರೆ ಅವರ ಸಹಾಯಕರಾಗಿದ್ದ ಮಿಶೆಲ್ ಇದಾಲ್ಗೊ ನಂತರ ಅದೇ ಹುದ್ದೆಗೇರಿ, 1984ರಲ್ಲಿ ಫ್ರಾನ್ಸ್‌ಗೆ ಮೊದಲ ಯುರೋಪಿಯನ್ ಚಾಂಪಿಯನ್ ಪಟ್ಟ ಗೆದ್ದುಕೊಟ್ಟರು.