ಬಿಲ್ಡಿಂಗ್ ಕೆಳಗೆ ನಿಲ್ಲಿಸಿದ ಬೈಕ್ ಎಷ್ಟು ಸೇಫ್? ಬಾಡಿಗೆ ಮನೆ, ಅಪಾರ್ಟ್‌ಮೆಂಟ್‌ನವರು ತಿಳಿದಿರಬೇಕಾದ ವಿಷಯಗಳು

ಶಿವಮೊಗ್ಗ: ‘ರಾತ್ರಿ ಗೇಟ್ ಒಳಗೇ ನಿಲ್ಲಿಸಿದ್ದೆ. ಹ್ಯಾಂಡಲ್ ಲಾಕ್ ಕೂಡ ಮಾಡಿದ್ದೆ. ಬೆಳಗ್ಗೆ ಬಂದು ನೋಡಿದ್ರೆ ಬೈಕ್ ಇಲ್ಲ.’ ಬೈಕ್ ಕಳ್ಕೊಂಡವರ ಬಾಯಲ್ಲಿ ಸಾಮಾನ್ಯವಾಗಿ ಕೇಳುವ ಮಾತು ಇದು.

ವಿನೋಬನಗರ, ಗೋಪಾಳ, ರವೀಂದ್ರನಗರ, ಹೊಸಮನೆ, ಯಾವ ಬಡಾವಣೆಗೆ ಹೋದ್ರೂ ಇಂತಹ ಕಟ್ಟಡಗಳು ಕಾಣ್ತವೆ. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕೈದು ಬಾಡಿಗೆ ಮನೆ. ಗೇಟ್ ಇದೆ, ಆದರೆ ರಾತ್ರಿ ಅದಕ್ಕೆ ಬೀಗ ಹಾಕೋದು ಯಾರು ಅನ್ನೋದು ಯಾರಿಗೂ ಗೊತ್ತಿರಲ್ಲ. ಇಂತಹ ಜಾಗದಲ್ಲಿ ಬೈಕ್ ಉಳಿಸಿಕೊಳ್ಳೋದು ಹೇಗೆ? ಕಳುವಾದರೆ ಮೊದಲು ಏನು ಮಾಡಬೇಕು? ಇನ್ಶೂರೆನ್ಸ್ ಹಣ ನಿಜಕ್ಕೂ ಬರುತ್ತಾ? ಇಲ್ಲಿದೆ ಪೂರ್ಣ ಮಾಹಿತಿ.

ಒಟ್ಟಿಗೆ ನಿಲ್ಲಿಸುವ ಜಾಗದಲ್ಲೇ ತೊಂದರೆ ಯಾಕೆ?

ಒಂಟಿ ಮನೆ ಕಾಂಪೌಂಡ್ ಒಳಗೆ ಅಪರಿಚಿತರು ಬಂದರೆ ತಕ್ಷಣ ಗೊತ್ತಾಗುತ್ತೆ. ಹತ್ತು ಮನೆಯವರು ಓಡಾಡೋ ಕಡೆ ಹಾಗಲ್ಲ. ಹೊಸಬರು ಕಂಡರೆ ‘ಮೇಲಿನ ಮನೆಯವರ ನೆಂಟರಿರಬೇಕು’ ಅಂದುಕೊಂಡು ಸುಮ್ಮನಾಗ್ತೀವಿ. ಯಾರೋ ಬೈಕ್ ತಳ್ಳಿಕೊಂಡು ಹೋಗ್ತಿದ್ರೂ ‘ಪೆಟ್ರೋಲ್ ಖಾಲಿಯಾಗಿರಬೇಕು’ ಅನ್ಸುತ್ತೆ. ಕಳ್ಳನಿಗೆ ಬೇಕಾಗಿರೋದೇ ಇದು.

ಇನ್ನೊಂದು ವಿಷಯ, ನಮ್ಮ ಮಲೆನಾಡಿನ ಮಳೆ. ಜೋರು ಮಳೆ ಸುರಿಯುವ ರಾತ್ರಿ ಕೆಳಗಿನ ಸದ್ದು ಮೇಲಿನ ಮನೆಗೆ ಕೇಳಲ್ಲ. ಕರೆಂಟ್ ಹೋದ್ರೆ ಪಾರ್ಕಿಂಗ್ ಲೈಟೂ ಇಲ್ಲ, ಕ್ಯಾಮೆರಾನೂ ಇಲ್ಲ. ಮೇಲೆ ಕವರ್ ಹೊದಿಸಿದ ಬೈಕುಗಳ ಸಾಲಿನಲ್ಲಿ ಒಂದು ಕಡಿಮೆಯಾದ್ರೆ ಬೆಳಗಿನವರೆಗೆ ಗೊತ್ತೇ ಆಗಲ್ಲ.

ಹ್ಯಾಂಡಲ್ ಲಾಕ್ ಒಂದೇ ಸಾಕಾ?

ಸಾಲದು. ಹ್ಯಾಂಡಲ್ ಲಾಕ್ ಒಳಗಿರೋದು ಒಂದು ಸಣ್ಣ ಕಬ್ಬಿಣದ ಪಿನ್. ಬಲ ಬಿಟ್ಟರೆ ಮುರಿಯುತ್ತೆ. ಹಳೇ ಬೈಕುಗಳಲ್ಲಿ ಲಾಕ್ ಸವೆದು ಬೇರೆ ಕೀ ಹಾಕಿದ್ರೂ ತಿರುಗೋದುಂಟು. ನಿಮ್ಮ ಬೈಕಿನ ಕೀ ಆನ್ ಸ್ಥಿತಿಯಲ್ಲಿರುವಾಗಲೇ ಹೊರಗೆ ಬರ್ತಿದ್ರೆ, ಅಲುಗಾಡ್ತಿದ್ರೆ ಲಾಕ್ ಸೆಟ್ ಬದಲಿಸಿ.

ಹಾಗಂತ ಹ್ಯಾಂಡಲ್ ಲಾಕ್ ಬಿಡಬೇಡಿ. ಅದರ ಜೊತೆಗೆ ಇನ್ನೊಂದು ಬೀಗ ಹಾಕಿ ಅನ್ನೋದಷ್ಟೇ ವಿಷಯ. ಯಾವ ಬೀಗವೂ ಮುರಿಯಲಾರದ್ದಲ್ಲ. ಆದರೆ ಕಳ್ಳನಿಗೆ ಬೇಕಾದ್ದು ಸಮಯ. ಅರ್ಧ ನಿಮಿಷದ ಕೆಲಸ ಹತ್ತು ನಿಮಿಷವಾದ್ರೆ, ಜೊತೆಗೆ ಸದ್ದೂ ಆದ್ರೆ, ಅವನು ಬಿಟ್ಟು ಹೋಗುವ ಸಾಧ್ಯತೆ ಹೆಚ್ಚು.

ಯಾವ ಲಾಕ್? ಎಲ್ಲಿ ಹಾಕಬೇಕು?

ಡಿಸ್ಕ್ ಲಾಕ್: ಡಿಸ್ಕ್ ಬ್ರೇಕ್ ಇರುವ ಬೈಕ್‌ಗೆ ಸುಲಭದ ದಾರಿ. ಮುಟ್ಟಿದರೆ ಕೂಗುವ ಅಲಾರಂ ಇರುವ ಡಿಸ್ಕ್ ಲಾಕ್ ಆದರೆ ಇನ್ನೂ ಒಳ್ಳೇದು. ಆದರೆ ಎಚ್ಚರ, ಲಾಕ್ ಹಾಕಿರೋದು ಮರೆತು ಬೈಕ್ ಓಡಿಸಿದ್ರೆ ನೀವೇ ಬೀಳ್ತೀರಿ. ಲಾಕ್‌ನಿಂದ ಹ್ಯಾಂಡಲ್‌ಗೆ ಕಟ್ಟುವ ನೆನಪಿನ ವೈರ್ ಸಿಗುತ್ತೆ, ಅದನ್ನು ಬಳಸಿ. ಡಿಸ್ಕ್ ಲಾಕ್ ಚಕ್ರ ತಿರುಗದಂತೆ ತಡೆಯುತ್ತೆ ಅಷ್ಟೇ. ಇಬ್ಬರು ಸೇರಿ ಬೈಕ್ ಎತ್ತಿ ಗಾಡಿಗೆ ಹಾಕಿದ್ರೆ ಅದು ತಡೆಯಲ್ಲ.

ಚೈನ್ ಲಾಕ್: ರಾತ್ರಿ ಪಾರ್ಕಿಂಗ್‌ಗೆ ಇದೇ ಮುಖ್ಯ. ತೆಳ್ಳನೆ ಕೇಬಲ್ ಬೇಡ, ಗಟ್ಟಿ ಸರಪಳಿ ತಗೊಳ್ಳಿ. ಹಿಂದಿನ ಚಕ್ರ ಮತ್ತು ಫ್ರೇಮ್ ಎರಡನ್ನೂ ಬಳಸಿ, ಕಂಬಕ್ಕೋ ಕಬ್ಬಿಣದ ಗ್ರಿಲ್‌ಗೋ ಸೇರಿಸಿ ಹಾಕಿ. ಬರೀ ಮುಂದಿನ ಚಕ್ರಕ್ಕೆ ಹಾಕಿದ್ರೆ ಚಕ್ರ ಬಿಚ್ಚಿಟ್ಟು ಉಳಿದದ್ದನ್ನು ಒಯ್ಯಬಹುದು. ಸರಪಳಿ ನೆಲಕ್ಕೆ ತಾಗಿ ಬಿದ್ದಿರಬಾರದು. ನೆಲದ ಮೇಲಿದ್ದರೆ ಹೊಡೆದು ಮುರಿಯೋದು, ಕತ್ತರಿಸೋದು ಸುಲಭ.

ಡಿಸ್ಕ್ ಇಲ್ಲದ ಬೈಕ್, ಸ್ಕೂಟರ್: ಬ್ರೇಕ್ ಲಿವರ್ ಮತ್ತು ಗ್ರಿಪ್ ಸೇರಿಸಿ ಹಿಡಿಯುವ ಗ್ರಿಪ್ ಲಾಕ್ ಇದೆ. ದೂರದಿಂದಲೇ ಕಾಣುತ್ತೆ ಅನ್ನೋದೇ ಅದರ ಲಾಭ.

ಮಳೆಗಾಲದಲ್ಲಿ ಬೀಗ ತುಕ್ಕು ಹಿಡಿದು ಕೂತುಬಿಡುತ್ತೆ. ಆಗಾಗ ಎಣ್ಣೆ ಬಿಡ್ತಾ ಇರಿ. ಇಲ್ಲದಿದ್ರೆ ‘ಲಾಕ್ ತೆಗೆಯೋದೇ ಕಷ್ಟ’ ಅಂತ ನೀವೇ ಹಾಕೋದು ಬಿಡ್ತೀರಿ.

ಬೈಕ್ ನಿಲ್ಲಿಸುವ ಜಾಗ

ಗೇಟ್ ಪಕ್ಕದ ಜಾಗ ಸಲೀಸು ಅನ್ಸುತ್ತೆ, ಕಳ್ಳನಿಗೂ ಅಷ್ಟೇ ಸಲೀಸು. ಸಾಧ್ಯವಾದಷ್ಟು ಒಳಗೆ, ಬೆಳಕು ಬೀಳುವ ಕಡೆ, ಮುಂದಿನ ಚಕ್ರ ಗೋಡೆಗೆ ಮುಖ ಮಾಡಿ ನಿಲ್ಲಿಸಿ. ಕಾರು ತಡವಾಗಿ ಬರುವ ಮನೆಯಿದ್ದರೆ ಬೈಕುಗಳ ಸಾಲಿನ ಮುಂದೆ ಕಾರು ನಿಲ್ಲುವಂತೆ ಮಾತಾಡಿಕೊಳ್ಳಿ. ಬೈಕ್‌ಗೆ ಕವರ್ ಹಾಕೋದಾದ್ರೆ ಕೆಳಗೆ ಲಾಕ್ ಕಾಣುವಷ್ಟು ಬಿಡಿ.

ಗುಪ್ತ ಸ್ವಿಚ್, ಜಿಪಿಎಸ್

ಇಗ್ನಿಷನ್ ಲೈನ್ ಕಟ್ ಮಾಡುವ ಒಂದು ಸಣ್ಣ ಸ್ವಿಚ್ಚನ್ನು ಕಣ್ಣಿಗೆ ಬೀಳದ ಕಡೆ ಕೂರಿಸಿದ್ರೆ, ವೈರ್ ಜೋಡಿಸಿದ್ರೂ ಇಂಜಿನ್ ಸ್ಟಾರ್ಟ್ ಆಗಲ್ಲ. ನಂಬಿಕಸ್ತ ಮೆಕ್ಯಾನಿಕ್ ಹತ್ತಿರವೇ ಮಾಡಿಸಿ. ಹೊಸ ಗಾಡಿಯಾದ್ರೆ ಮೊದಲು ಶೋರೂಂನಲ್ಲಿ ಕೇಳಿ. ವೈರಿಂಗ್ ಮುಟ್ಟಿದ್ರೆ ವಾರಂಟಿಗೆ ತೊಂದರೆ ಆಗಬಹುದು.

ಜಿಪಿಎಸ್ ಟ್ರ್ಯಾಕರ್ ಬೈಕ್ ಅಲುಗಾಡಿದ ತಕ್ಷಣ ಮೊಬೈಲ್‌ಗೆ ಸಂದೇಶ ಕಳಿಸುತ್ತೆ. ಅದರ ಸಿಮ್ ರೀಚಾರ್ಜ್ ಮುಗಿದಿದ್ರೆ ಏನೂ ಪ್ರಯೋಜನ ಇಲ್ಲ. ಟ್ರ್ಯಾಕರ್ ತೋರಿಸಿದ ಜಾಗಕ್ಕೆ ಒಬ್ಬರೇ ಹೋಗಬೇಡಿ, ಪೊಲೀಸರಿಗೆ ತಿಳಿಸಿ.

ಎಲೆಕ್ಟ್ರಿಕ್ ಸ್ಕೂಟರ್‌ನಲ್ಲಿ ಬ್ಯಾಟರಿ ತೆಗೆಯಲು ಬರುವಂತಿದ್ದರೆ ರಾತ್ರಿ ಮನೆಗೆ ತಗೊಂಡು ಹೋಗಿ.

ಕೀ ಮತ್ತು ದಾಖಲೆ

ಮೊದಲನೇದು, ಬೈಕಿನಲ್ಲಿ ಕೀ ಬಿಡಬೇಡಿ. ‘ಹಾಲಿನ ಪ್ಯಾಕೆಟ್ ಮೇಲೆ ಕೊಟ್ಟು ಎರಡೇ ನಿಮಿಷಕ್ಕೆ ಬರ್ತೀನಿ’ ಅನ್ನೋ ಎರಡು ನಿಮಿಷವೇ ಸಾಕು.

ಎರಡನೇದು, ಒರಿಜಿನಲ್ ಆರ್‌ಸಿಯನ್ನು ಸೀಟ್ ಕೆಳಗೆ, ಸೈಡ್ ಬಾಕ್ಸ್‌ನಲ್ಲಿ ಇಡಬೇಡಿ. ಬೈಕ್ ಜೊತೆ ಆರ್‌ಸಿಯೂ ಸಿಕ್ಕರೆ ಮಾರೋಕೆ ಅನುಕೂಲ ಮಾಡಿಕೊಟ್ಟಂತೆ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸುವ ಆರ್‌ಸಿ, ಡಿಎಲ್‌ಗೆ ಕಾನೂನಿನ ಮಾನ್ಯತೆ ಇದೆ.

ಮೂರನೇದು, ಇವತ್ತೇ ನಾಲ್ಕು ಫೋಟೋ ತೆಗೆದಿಡಿ. ಬೈಕಿನ ಎರಡೂ ಬದಿ, ಚಾಸಿಸ್ ನಂಬರ್, ಇಂಜಿನ್ ನಂಬರ್. ಹೆಚ್ಚಿನ ಬೈಕುಗಳಲ್ಲಿ ಚಾಸಿಸ್ ನಂಬರ್ ಹ್ಯಾಂಡಲ್ ಬುಡದ ಫ್ರೇಮ್ ಮೇಲಿರುತ್ತೆ. ಗೀರು, ಸ್ಟಿಕ್ಕರ್, ಬದಲಿಸಿದ ಕನ್ನಡಿ, ಇಂತಹ ಗುರುತುಗಳನ್ನೂ ಬರೆದಿಡಿ. ಕದ್ದ ಬೈಕಿನ ನಂಬರ್ ಪ್ಲೇಟ್ ಬದಲಾಗಿರುತ್ತೆ, ಗುರುತು ಹಿಡಿಯೋಕೆ ಇವೇ ಗತಿ.

ನಾಲ್ಕನೇದು, ಎರಡೂ ಕೀ ಜೋಪಾನ. ಯಾಕೆ ಅನ್ನೋದು ಮುಂದೆ ಇದೆ.

ಬಿಲ್ಡಿಂಗ್‌ನವರೆಲ್ಲ ಸೇರಿ ಮಾಡಬೇಕಾದ್ದು

ಒಬ್ಬರು ಎಷ್ಟೇ ಬೀಗ ಹಾಕಿದ್ರೂ ಗೇಟ್ ತೆರೆದಿದ್ರೆ ಕಷ್ಟ. ಓನರ್ ಮತ್ತು ಬಾಡಿಗೆದಾರರು ಒಂದು ಭಾನುವಾರ ಹತ್ತು ನಿಮಿಷ ಕೂತು ಇಷ್ಟು ತೀರ್ಮಾನ ಮಾಡಿಕೊಳ್ಳಿ.

ಗೇಟ್: ರಾತ್ರಿ ಇಂತಿಷ್ಟು ಹೊತ್ತಿಗೆ ಬೀಗ. ಪ್ರತಿ ಮನೆಗೂ ಒಂದು ಕೀ. ತಡವಾಗಿ ಬಂದವರು ತಾವೇ ಬೀಗ ಹಾಕಿ ಹೋಗಬೇಕು. ಮನೆ ಖಾಲಿ ಮಾಡಿದವರಿಂದ ಕೀ ವಾಪಸ್ ತಗೊಳ್ಳಿ, ಕೊಡದಿದ್ರೆ ಬೀಗ ಬದಲಿಸಿ.

ಕೊಂಡಿ: ಪಾರ್ಕಿಂಗ್ ನೆಲ ಅಥವಾ ಗೋಡೆಯಲ್ಲಿ ಕಾಂಕ್ರೀಟ್ ಹಾಕಿ ಗಟ್ಟಿ ಕಬ್ಬಿಣದ ಕೊಂಡಿ ಕೂರಿಸಿ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಕೊಡ್ತಾರೆ. ಚೈನ್ ಹಾಕಲು ಎಲ್ಲರಿಗೂ ಅನುಕೂಲ.

ಲೈಟ್: ಯಾರಾದ್ರೂ ಬಂದಾಗ ತಾನೇ ಹತ್ತುವ ಸೆನ್ಸಾರ್ ಲೈಟ್ ಹಾಕಿಸಿ. ಇಡೀ ರಾತ್ರಿ ಉರಿಯುವ ಬಲ್ಬ್‌ಗಿಂತ ಕರೆಂಟ್ ಕಡಿಮೆ, ಗಮನ ಸೆಳೆಯೋದು ಹೆಚ್ಚು.

ಕ್ಯಾಮೆರಾ: ತೀರಾ ಎತ್ತರದಲ್ಲಿಟ್ಟರೆ ಟೋಪಿ ಮಾತ್ರ ಕಾಣುತ್ತೆ, ಮುಖ ಕಾಣಲ್ಲ. ಒಂದಾದ್ರೂ ಗೇಟಿನಲ್ಲಿ ಒಳಬರುವವರ ಮುಖಕ್ಕೆ ನೇರವಾಗಿರಲಿ. ರೆಕಾರ್ಡಿಂಗ್ ಬಾಕ್ಸ್ ಪಾರ್ಕಿಂಗ್‌ನಲ್ಲಿ ಬೇಡ, ಮನೆಯೊಳಗಿರಲಿ, ಅದಕ್ಕೊಂದು ಸಣ್ಣ ಯುಪಿಎಸ್ ಇರಲಿ. ಕ್ಯಾಮೆರಾದ ಗಂಟೆ, ದಿನಾಂಕ ಸರಿಯಿದೆಯಾ, ಹಳೆ ರೆಕಾರ್ಡಿಂಗ್ ಎಷ್ಟು ದಿನ ಉಳಿಯುತ್ತೆ ಅನ್ನೋದನ್ನು ತಿಂಗಳಿಗೊಮ್ಮೆ ನೋಡಿ. ಕಳ್ಳತನ ಆದ ಮೇಲೆ ‘ಕ್ಯಾಮೆರಾ ಕೆಟ್ಟು ಆರು ತಿಂಗಳಾಯ್ತು’ ಅಂತ ಗೊತ್ತಾಗಬಾರದು.

ಐದು ವರ್ಷದ ಇನ್ಶೂರೆನ್ಸ್ ಇದೆಯಲ್ಲಾ?

ಹೆಚ್ಚಿನವರು ಮೋಸ ಹೋಗೋದು ಇಲ್ಲೇ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಥರ್ಡ್ ಪಾರ್ಟಿ ಅಂದ್ರೆ ನಿಮ್ಮ ಬೈಕ್‌ನಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ. ನಿಮ್ಮ ಬೈಕ್ ಕಳುವಾದ್ರೆ ಅದರಿಂದ ಒಂದು ರೂಪಾಯಿಯೂ ಬರಲ್ಲ.

ಕಳ್ಳತನಕ್ಕೆ ಹಣ ಬರೋದು ‘ಓನ್ ಡ್ಯಾಮೇಜ್’ ಭಾಗದಿಂದ. ಹೊಸ ಬೈಕಿನ ಪಾಲಿಸಿಯಲ್ಲಿ ಇದು ಸಾಮಾನ್ಯವಾಗಿ ಒಂದೇ ವರ್ಷಕ್ಕಿರುತ್ತೆ. ಎರಡನೇ ವರ್ಷದಿಂದ ಬೇರೆಯಾಗಿ ರಿನ್ಯೂ ಮಾಡಿಸಬೇಕು. ಈಗಲೇ ಪಾಲಿಸಿ ತೆಗೆದು ನೋಡಿ. ಎರಡು ಭಾಗಕ್ಕೂ ಬೇರೆ ಬೇರೆ ಕೊನೆ ದಿನಾಂಕ ಇರುತ್ತೆ.

ಸಿಗುವ ಹಣಕ್ಕೆ ಪಾಲಿಸಿಯಲ್ಲಿರುವ ಐಡಿವಿ ಮೊತ್ತವೇ ಆಧಾರ, ಶೋರೂಂ ಬೆಲೆಯಲ್ಲ. ಪ್ರೀಮಿಯಂ ಉಳಿಸಲು ಐಡಿವಿ ತೀರಾ ಇಳಿಸಬೇಡಿ. ಬೈಕ್ ಸಾಲದ ಮೇಲಿದ್ರೆ ಹಣ ಮೊದಲು ಬ್ಯಾಂಕಿಗೆ ಹೋಗುತ್ತೆ. ಬೈಕ್ ಇಲ್ಲ ಅಂತ ಇಎಂಐ ನಿಲ್ಲಲ್ಲ, ಕಟ್ಟಲೇಬೇಕು.

ಕ್ಲೈಮ್ ವೇಳೆ ವಿಮಾ ಕಂಪನಿ ಎರಡೂ ಕೀ ಕೇಳುತ್ತೆ. ಒಂದು ಕೀ ಇಲ್ಲ ಅಂದ್ರೆ ‘ಬೈಕಿನಲ್ಲೇ ಬಿಟ್ಟಿದ್ರಾ?’ ಅನ್ನೋ ಪ್ರಶ್ನೆ ಬರುತ್ತೆ, ಹಣ ಕಡಿತವಾಗಬಹುದು ಅಥವಾ ಕ್ಲೈಮ್ ತಿರಸ್ಕಾರವಾಗಬಹುದು. ಹಾಗಾಗಿ ಕೀ ಕಳೆದು ಹೋದಾಗಲೇ ಪೊಲೀಸರಿಗೆ ತಿಳಿಸಿ ದಾಖಲೆ ಇಟ್ಟುಕೊಳ್ಳಿ.

ಕಳುವಾಗಿದೆ ಅಂತ ಗೊತ್ತಾದ ತಕ್ಷಣ

1. ಮನೆಯವರು, ಪಕ್ಕದವರು ಒಯ್ದಿದ್ದಾರಾ, ಸಾಲದ ಕಂತು ಬಾಕಿಯಿದ್ದರೆ ಫೈನಾನ್ಸ್‌ನವರು ಒಯ್ದಿದ್ದಾರಾ ಅಂತ ಖಚಿತ ಮಾಡಿಕೊಳ್ಳಿ. ಇದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಡ.

2. 112ಕ್ಕೆ ಕರೆ ಮಾಡಿ. ‘ಎರಡು ದಿನ ಹುಡುಕಿ ಆಮೇಲೆ ದೂರು ಕೊಡೋಣ’ ಅನ್ನಬೇಡಿ.

3. ಅದೇ ದಿನ ಠಾಣೆಯಲ್ಲಿ ದೂರು ಕೊಟ್ಟು ಎಫ್‌ಐಆರ್ ಮಾಡಿಸಿ. 2024ರ ಜುಲೈ 1ರಿಂದ ಕಳ್ಳತನ ಪ್ರಕರಣಗಳು ಭಾರತೀಯ ನ್ಯಾಯ ಸಂಹಿತೆಯ ಕಲಂ 303ರ ಅಡಿ ಬರುತ್ತವೆ, ಹಿಂದಿನ ಐಪಿಸಿ 379ರ ಬದಲಿಗೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಯಾವ ಠಾಣೆಯಲ್ಲಿ ಬೇಕಾದ್ರೂ ಮಾಹಿತಿ ಕೊಡಬಹುದು. ಆನ್‌ಲೈನ್ ಮೂಲಕ ಕೊಟ್ಟರೆ ಮೂರು ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಠಾಣೆಯಲ್ಲಿ ದೂರು ತಗೊಳ್ಳದಿದ್ರೆ ಲಿಖಿತವಾಗಿ ಎಸ್‌ಪಿಗೆ ಕಳುಹಿಸಬಹುದು.

4. ಅದೇ ದಿನ ವಿಮಾ ಕಂಪನಿಗೆ ತಿಳಿಸಿ, ಕ್ಲೈಮ್ ನಂಬರ್ ಬರೆದಿಟ್ಟುಕೊಳ್ಳಿ. ಎಫ್‌ಐಆರ್ ತಕ್ಷಣ ಆಗಿದ್ದರೆ, ವಿಮಾ ಕಂಪನಿಗೆ ತಿಳಿಸುವುದು ತಡವಾಯ್ತು ಅನ್ನೋ ಒಂದೇ ಕಾರಣಕ್ಕೆ ನಿಜವಾದ ಕ್ಲೈಮ್ ತಿರಸ್ಕರಿಸುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ತಡ ಮಾಡಬೇಡಿ.

5. ಬಿಲ್ಡಿಂಗ್, ಎದುರು ಮನೆ, ರಸ್ತೆ ತುದಿಯ ಅಂಗಡಿಗಳ ಕ್ಯಾಮೆರಾ ದೃಶ್ಯ ಅಳಿಸಿ ಹೋಗುವ ಮೊದಲೇ ಉಳಿಸಲು ಹೇಳಿ.

6. ಆರ್‌ಟಿಒ ಕಚೇರಿಗೆ ಎಫ್‌ಐಆರ್ ಪ್ರತಿಯೊಂದಿಗೆ ಅರ್ಜಿ ಕೊಡಿ. ಸಾಲವಿದ್ದರೆ ಬ್ಯಾಂಕಿಗೂ ತಿಳಿಸಿ.

ಎಫ್‌ಐಆರ್ ಬರೀ ಬೈಕ್ ಹುಡುಕೋಕೆ ಅಲ್ಲ. ಕದ್ದ ಬೈಕಿನಲ್ಲಿ ಯಾರೋ ಅಪಘಾತ ಮಾಡಿದ್ರೆ, ಸರಗಳ್ಳತನಕ್ಕೆ ಬಳಸಿದ್ರೆ ಪೊಲೀಸರು ಮೊದಲು ಬರೋದು ಆರ್‌ಸಿಯಲ್ಲಿರುವ ವಿಳಾಸಕ್ಕೆ. ಆಗ ನಿಮ್ಮನ್ನು ಕಾಯೋದು ದೂರಿನ ದಿನಾಂಕ.

ಬೈಕ್ ಸಿಕ್ಕರೆ, ಸಿಗದಿದ್ದರೆ

ಸಿಕ್ಕರೆ ಬೈಕ್ ಠಾಣೆಯಲ್ಲಿರುತ್ತೆ. ಕೋರ್ಟ್‌ಗೆ ಅರ್ಜಿ ಹಾಕಿ, ಬಾಂಡ್ ಬರೆದುಕೊಟ್ಟು ಬಿಡಿಸಿಕೊಳ್ಳಬೇಕು. ಕೇಸ್ ಮುಗಿಯುವವರೆಗೆ ಕಾಯಬೇಕಿಲ್ಲ. ಸಿಗದಿದ್ದರೆ ಪೊಲೀಸರು ಪತ್ತೆಯಾಗದ ಪ್ರಕರಣ ಅಂತ ‘ಸಿ’ ರಿಪೋರ್ಟ್ ಸಲ್ಲಿಸ್ತಾರೆ. ವಿಮಾ ಹಣಕ್ಕೆ ಈ ದಾಖಲೆ ಬೇಕು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು, ಠಾಣೆಗೆ ಆಗಾಗ ಹೋಗಿ ವಿಚಾರಿಸ್ತಾ ಇರಿ.

ಇವತ್ತು ರಾತ್ರಿಯೇ ಮಾಡಿ

ಬೈಕ್ ಒಳಗೆ ಸರಿಸಿ ನಿಲ್ಲಿಸಿ. ಹ್ಯಾಂಡಲ್ ಲಾಕ್ ಜೊತೆ ಎರಡನೇ ಬೀಗ ಹಾಕಿ. ಆರ್‌ಸಿ ಮನೆಗೆ ತನ್ನಿ. ಎರಡನೇ ಕೀ ಎಲ್ಲಿದೆ ಹುಡುಕಿ. ಪಾಲಿಸಿಯಲ್ಲಿ ಓನ್ ಡ್ಯಾಮೇಜ್ ದಿನಾಂಕ ನೋಡಿ. ಮಲಗೋ ಮುಂಚೆ ಒಮ್ಮೆ ಕೆಳಗಿಳಿದು ಗೇಟ್ ನೋಡಿ ಬನ್ನಿ. ಪಕ್ಕದ ಮನೆಯವರು ಹಾಕಿರ್ತಾರೆ ಅಂತ ನೀವು, ನೀವು ಹಾಕಿರ್ತೀರಿ ಅಂತ ಅವರು ಮಲಗಿದ್ರೆ ಗೇಟ್ ತೆರೆದೇ ಇರುತ್ತೆ.