ಆಕಾಶಯುದ್ಧದ ಜಮಾ-ಖರ್ಚು

ಚರಿತ್ರೆ ಬರೆಯುವವರಿಗೆ ವಿಮಾನಗಳ ಕಾಳಗದಷ್ಟು ತೊಡಕಿನ ವಿಷಯ ಅಪರೂಪ. ನೆಲದ ಮೇಲಿನ ಯುದ್ಧದಲ್ಲಿ ಕೋಟೆ ಬಿದ್ದಿತೋ ಇಲ್ಲವೋ ಎಂಬುದು ಊರಿಗೆಲ್ಲ ಕಾಣುತ್ತದೆ. ಆಕಾಶದಲ್ಲಾದರೋ ಹೋರಾಟವು ಕೆಲವೇ ನಿಮಿಷಗಳದು. ಗುಂಡು ಹಾರಿಸಿದವನು ಶತ್ರುವಿನ ವಿಮಾನದಿಂದ ಹೊಗೆ ಎದ್ದುದನ್ನು ಕಂಡು, ತನ್ನ ಬೆನ್ನಟ್ಟಿದವನಿಂದ ತಪ್ಪಿಸಿಕೊಳ್ಳಲು ಅತ್ತ ತಿರುಗುತ್ತಾನೆ. ಅದೇ ವಿಮಾನದ ಮೇಲೆ ಇನ್ನೊಬ್ಬನು ಇನ್ನೊಂದು ಕಡೆಯಿಂದ ಗುಂಡು ಹಾರಿಸಿರುತ್ತಾನೆ. ಇಬ್ಬರೂ ನೆಲೆಗೆ ಮರಳಿ, ತಾವು ಒಂದನ್ನು ಉರುಳಿಸಿದೆವೆಂದು ವರದಿ ಕೊಡುತ್ತಾರೆ. ಇಬ್ಬರೂ ಕಂಡದ್ದನ್ನೇ ಹೇಳಿದವರು. ಆದರೆ ಬಿದ್ದ ವಿಮಾನ ಒಂದೇ!

1940ರ ಸೆಪ್ಟೆಂಬರ್ 15ರಂದು ಲಂಡನ್ನಿನ ಮೇಲೆ ನಡೆದ ಕಾಳಗವು ಇದಕ್ಕೆ ಪ್ರಸಿದ್ಧ ನಿದರ್ಶನ. ಆ ದಿನ 185 ಜರ್ಮನ್ ವಿಮಾನಗಳನ್ನು ಕೆಡವಿದೆವೆಂದು ಬ್ರಿಟಿಷರು ಸಾರಿದರು. ಯುದ್ಧ ಮುಗಿದ ಮೇಲೆ ಜರ್ಮನರ ಕಡತಗಳನ್ನು ತೆರೆದು ನೋಡಿದಾಗ, ಅವರು ಕಳೆದುಕೊಂಡದ್ದು ಸುಮಾರು 60 ಮಾತ್ರ ಎಂದು ತಿಳಿಯಿತು. ಅಂದು ವಿಕ್ಟೋರಿಯಾ ರೈಲು ನಿಲ್ದಾಣದ ಬಳಿ ಬಿದ್ದ ಡಾರ್ನಿಯರ್ ವಿಮಾನಕ್ಕೆ ರೇ ಹೋಮ್ಸ್ ಎಂಬ ವೈಮಾನಿಕನು ತನ್ನ ಹರಿಕೇನ್ ವಿಮಾನವನ್ನೇ ಡಿಕ್ಕಿ ಹೊಡೆಸಿದ್ದನು. ಆದರೆ ಅವನಿಗೂ ಮುಂಚೆ ಹಲವರು ಅದರ ಮೇಲೆ ಗುಂಡು ಸುರಿಸಿದ್ದರು. ಒಂದೇ ಚೆಕ್ಕನ್ನು ನಾಲ್ಕಾರು ಖಾತೆಗಳಿಗೆ ಜಮಾ ಮಾಡಿದರೆ ಲೆಕ್ಕವು ಹೇಗೆ ಉಬ್ಬುವುದೋ ಇದೂ ಹಾಗೆಯೇ.

ಇಂತಹ ಪಾಲಿನ ಜಯವನ್ನು ಬರೆದಿಡುವ ಕ್ರಮವೂ ಎಲ್ಲ ಕಾಲದಲ್ಲಿ ಒಂದೇ ಆಗಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಪಾಲುಗೊಂಡ ಒಬ್ಬೊಬ್ಬನ ಹೆಸರಿಗೂ ಒಂದೊಂದು ಪೂರ್ಣ ಜಯವನ್ನು ಸೇರಿಸುತ್ತಿದ್ದರು. 1918ರ ಜುಲೈಯಲ್ಲಿ ಫ್ರಾನ್ಸಿನ ಆಕಾಶದಲ್ಲಿ ಹೋರಾಡಿ ಮಡಿದ ಕಲ್ಕತ್ತೆಯ ತರುಣ ಇಂದ್ರಲಾಲ್ ರಾಯ್ ಅವರ ಹತ್ತು ಜಯಗಳಲ್ಲಿ ಎರಡು ಇಂತಹ ಪಾಲಿನವು. ಎರಡನೆಯ ಮಹಾಯುದ್ಧದಲ್ಲಾದರೋ ಅರ್ಧ, ಮೂರನೆಯ ಒಂದು ಎಂದು ಭಿನ್ನರಾಶಿಯಲ್ಲಿ ಹಂಚಿದರು. ಈ ಭೇದವನ್ನು ಗಮನಿಸದೆ ಎರಡು ಕಾಲದ ಅಂಕಿಗಳನ್ನು ಕೂಡಿಸಿದರೆ ಲೆಕ್ಕ ತಪ್ಪುವುದು.

ಹಾಗಾದರೆ ನಿಜವನ್ನು ಹುಡುಕುವ ಬಗೆ ಯಾವುದು? ನಮ್ಮ ಪುಸ್ತಕದ ಜಮೆಯನ್ನು ಎದುರಾಳಿಯ ಪುಸ್ತಕದ ಖರ್ಚಿನೊಡನೆ ತಾಳೆ ನೋಡುವುದೇ. ದಿನ, ವೇಳೆ, ಸ್ಥಳ, ನೆಲಕ್ಕೆ ಬಿದ್ದ ಅವಶೇಷ, ಸೆರೆಸಿಕ್ಕ ವೈಮಾನಿಕ, ಬಂದೂಕಿನೊಡನೆ ಜೋಡಿಸಿದ ಕ್ಯಾಮೆರಾ ತೆಗೆದ ಚಿತ್ರ, ಇವೆಲ್ಲ ಅದಕ್ಕೆ ರಸೀದಿಗಳು.

1971ರ ನವೆಂಬರ್ 22ರಂದು ಬಂಗಾಳದ ಬೋಯ್ರಾದ ಮೇಲೆ ನಮ್ಮ ನಾಲ್ಕು ನ್ಯಾಟ್ ವಿಮಾನಗಳು ಪಾಕಿಸ್ತಾನದ ಸೇಬರ್‌ಗಳನ್ನು ಎದುರಿಸಿದವು. ಮ್ಯಾಸ್ಸಿ, ಗಣಪತಿ, ಲಾಜರಸ್ ಈ ಮೂವರ ಹೆಸರಿನಲ್ಲಿ ಮೂರು ಜಯಗಳು ಪ್ರಕಟವಾದವು. ಪಾಕಿಸ್ತಾನದ ಕಡತವು, ಬಿದ್ದವು ಎರಡು, ಮೂರನೆಯದು ಪೆಟ್ಟು ತಿಂದು ಢಾಕಾಕ್ಕೆ ಮರಳಿತು ಎನ್ನುತ್ತದೆ. ಸೆರೆಸಿಕ್ಕ ವೈಮಾನಿಕರೂ ಇಬ್ಬರೇ. ಒಂದನ್ನು ಕಳೆದು ಬರೆದರೂ ಆ ವೀರರ ಸಾಹಸಕ್ಕೆ ಕುಂದೇನೂ ಇಲ್ಲ.

ತಾಳೆ ನೋಡುವುದರಿಂದ ಲೆಕ್ಕವು ಯಾವಾಗಲೂ ಇಳಿಯುವುದೆಂದು ತಿಳಿಯಬಾರದು. ಕೊಡಗಿನ ವೀರ, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಕಥೆ ಬೇರೆಯೇ ಆಗಿದೆ. 1965ರ ಸೆಪ್ಟೆಂಬರ್ 7ರಂದು ಸರಗೋಧಾ ವಿಮಾನನೆಲೆಯ ಮೇಲಿನ ದಾಳಿಗೆ ಹೋದ ಮಿಸ್ಟೀರ್ ವಿಮಾನಗಳಲ್ಲಿ ಅವರದು ಹೆಚ್ಚುವರಿಯಾಗಿ ಇಟ್ಟುಕೊಂಡ ವಿಮಾನ. ಅವರು ಮರಳಲಿಲ್ಲ. ಅವರ ಹೋರಾಟವನ್ನು ಜೊತೆಗಾರರು ಕಾಣಲಿಲ್ಲವಾದ್ದರಿಂದ ನಮ್ಮ ದಫ್ತರದಲ್ಲಿ ‘ಕಾಣೆಯಾದರು’ ಎಂಬುದಷ್ಟೇ ಉಳಿಯಿತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು ಪಾಕಿಸ್ತಾನದ ವಾಯುಸೇನೆಯ ಕಡೆಯಿಂದ ಬರೆದ ಪುಸ್ತಕ ಹೊರಬಂತು. ಅಂದು ತಮ್ಮ ಒಂದು ಸ್ಟಾರ್‌ಫೈಟರ್ ಮಿಸ್ಟೀರ್ ಒಂದರೊಡನೆ ಸೆಣಸಿ ಬಿದ್ದಿತೆಂಬ ಸಂಗತಿ ಅದರಲ್ಲಿತ್ತು. ಶತ್ರುವಿನ ಪುಸ್ತಕದಲ್ಲಿ ಖರ್ಚು ಇದೆ, ನಮ್ಮಲ್ಲಿ ಅದರ ಜಮೆ ಇಲ್ಲ! ಮರಳದೆ ಉಳಿದ ಮಿಸ್ಟೀರ್ ಯಾವುದೆಂದು ನೋಡಿದಾಗ ಉತ್ತರ ದೊರಕಿತು. 1988ರಲ್ಲಿ, 23 ವರ್ಷಗಳ ತರುವಾಯ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು.

ತನ್ನ ಜಯವನ್ನು ಬಂದು ಹೇಳಲು ಉಳಿಯದವನ ಪರವಾಗಿ ಸಾಕ್ಷಿ ನುಡಿದದ್ದು ಎದುರಾಳಿಯ ಕಡೆಯ ಬರಹ. ನಾಡಿನಿಂದ ದೂರವಿದ್ದು ರಾಜ್ಯೋತ್ಸವವನ್ನು ಆಚರಿಸುವ ನಾವು ನಮ್ಮ ವೀರರ ಹೆಸರನ್ನು ಹೆಮ್ಮೆಯಿಂದ ಮಕ್ಕಳಿಗೆ ಹೇಳುತ್ತೇವೆ. ಹೇಳುವಾಗ ಎರಡೂ ಕಡೆಯ ಪುಸ್ತಕಗಳನ್ನು ತಾಳೆ ನೋಡಿ ಹೇಳಿದರೆ, ಆ ಹೆಮ್ಮೆಯನ್ನು ಯಾರೂ ಅಲ್ಲಗಳೆಯಲಾರರು.